ಯಾರ ಋಣ, ಯಾವ ಲೆಕ್ಕ

(ಒಂದು ವಿದ್ಯಾರ್ಥಿನಿಲಯದ ಸಂಜೆ ಸಭೆಯಲ್ಲಿ ಆಡಿದ ಮಾತು. ಆಡಿದ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ.)

ನಮ್ಮನ್ನು ಕರೆಯೋದಕ್ಕೆ ಬಂದಿದ್ದ ಈ ಹಾಸ್ಟೆಲಿನ ಹುಡುಗರು ಒಂದು ಚೀಟಿಯಲ್ಲಿ ವಿಷಯ ಬರೆದುಕೊಂಡು ಬಂದಿದ್ದರು. 'ಬಡತನದಲ್ಲಿ ನಮ್ಮ ಓದು, ತಂದೆತಾಯಿಗಳ ತ್ಯಾಗ' ಅಂತ. ಬಡತನ ಸರಿ, ಓದೂ ಸರಿ. ಆ ತ್ಯಾಗ ಅನ್ನೋ ಮಾತಿನ ಹತ್ತಿರ ನಾವು ನಿಂತುಬಿಟ್ಟೆವು. ತ್ಯಾಗ ಮಾಡೋದಕ್ಕೆ ಮೊದಲು ಕೈಯಲ್ಲಿ ಏನಾದರೂ ಇರಬೇಕು. ರಾಜ್ಯ ಬಿಟ್ಟವರು, ಸಿಂಹಾಸನ ಬಿಟ್ಟವರು ತ್ಯಾಗಿಗಳು ಅಂತ ಪಾಠದಲ್ಲಿ ಓದಿದ್ದೀವಿ. ನಮ್ಮಪ್ಪನ ಹತ್ತಿರ ಬಿಡೋದಕ್ಕೆ ಏನಿತ್ತು? ಮಕ್ಕಳಿದ್ದವು. ಅದರಲ್ಲಿ ಒಂದನ್ನು ಬಿಟ್ಟ. ಆ ವಿಷಯ ಹೇಳೋದಕ್ಕೇ ಇವತ್ತು ಬಂದಿದ್ದೀವಿ.

ನಾವು, ನಾವು ಅಂತ ಹೇಳ್ತಾ ಇದ್ದಾರಲ್ಲ, ಇವರೇನು ದೊಡ್ಡ ಮನುಷ್ಯರಾಗಿಬಿಟ್ಟರೋ ಅಂತ ನಗಬೇಡಿ. ನಮ್ಮ ಕೇರಿಯಲ್ಲಿ ಒಬ್ಬನ ಕತೆ ಒಬ್ಬನದೇ ಆಗಿ ಇರ್ತಿರಲಿಲ್ಲ. ಈಗ ಹೇಳೋದರಲ್ಲಿ ಎಷ್ಟೋ ಮಾತು ನಿಮ್ಮ ಅಪ್ಪಂದಿರಿಗೆ, ತಾತಂದಿರಿಗೆ ಗೊತ್ತಿರೋದೇ. ಹಾಗಾಗಿ 'ನಾನು' ಅನ್ನೋಕೆ ನಾಲಿಗೆ ಹೊರಳೋದಿಲ್ಲ.

ನಮ್ಮದು ನಂಜನಗೂಡಿನ ಕಡೆ ಒಂದು ಹಳ್ಳಿ. ಹುಟ್ಟಿದ್ದು 1960ರಲ್ಲಿ ಇರಬೇಕು. ಇರಬೇಕು ಅಂತ ಯಾಕೆ ಹೇಳ್ತೀವಿ ಅಂದರೆ, ಅವ್ವನ ಲೆಕ್ಕದಲ್ಲಿ ನಾವು ಹುಟ್ಟಿದ್ದು ಹುಚ್ಚೆಳ್ಳು ಹೂ ಬಿಟ್ಟಿದ್ದ ಕಾಲದಲ್ಲಿ. ಶಾಲೆಗೆ ಸೇರಿಸುವಾಗ ಮೇಷ್ಟರು ಒಂದು ತಾರೀಖು ಬರೆದುಕೊಂಡರು. ಅದೇ ನಮ್ಮ ಹುಟ್ಟಿದ ಹಬ್ಬ. ನಿಮ್ಮ ಮನೆಯ ಹಿರಿಯರಲ್ಲಿ ಎಷ್ಟು ಜನ ಜೂನ್ ಒಂದನೇ ತಾರೀಖು ಹುಟ್ಟಿದ್ದಾರೆ, ಹೋಗಿ ಕೇಳಿ ನೋಡಿ.

ಶಾಲೆ ಊರೊಳಗೆ. ಕೇರಿ ಊರಾಚೆ. ಕಾನೂನಿನಲ್ಲಿ ಅಸ್ಪೃಶ್ಯತೆ ಹೋಗಿ ಹತ್ತು ಹದಿನೈದು ವರ್ಷ ಆಗಿತ್ತು. ಸಂವಿಧಾನ ಬಂದದ್ದು 1950ರಲ್ಲಿ, ಅಸ್ಪೃಶ್ಯತೆ ಅಪರಾಧ ಅಂತ ಕಾಯ್ದೆ ಬಂದದ್ದು 1955ರಲ್ಲಿ. ಆದರೆ ನಮ್ಮ ಶಾಲೆಯ ನೀರಿನ ಕೊಳದಪ್ಪಲೆಗೆ ಆ ಸುದ್ದಿ ತಲುಪಿರಲಿಲ್ಲ. ಊರ ಹುಡುಗನೊಬ್ಬ ಮೇಲಿಂದ ಹುಯ್ಯಬೇಕು, ನಾವು ಬೊಗಸೆ ಒಡ್ಡಬೇಕು. ಅವನಿಗೆ ಆಟ ಆಡೋ ಆತುರ ಇದ್ದರೆ ಅರ್ಧ ನೀರು ಅಂಗಿ ಮೇಲೆ. ಬೈಯೋ ಹಾಗಿಲ್ಲ. ಬೈದರೆ ನಾಳೆಯಿಂದ ಅದೂ ಇಲ್ಲ.

ಅಂಗಿ ಅಂದೆವು. ಒಂದೇ ಅಂಗಿ. ಅದಕ್ಕೆ ಗುಂಡಿ ಇರಲಿಲ್ಲ. ಅವ್ವ ತಲೆ ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿ ಇಡ್ತಿದ್ದಳು. ಕೂದಲು ಕೊಳ್ಳೋನು ಕೇರಿಗೆ ಬಂದಾಗ ಬೇರೆ ಹೆಂಗಸರು ಟೇಪೋ, ಬಳೆಯೋ, ಕನ್ನಡಿಯೋ ತಗೊಳ್ಳೋರು. ನಮ್ಮವ್ವ ಒಂದು ಸಲ ಅವನ ಹತ್ತಿರ 'ಸೀಸದ ಕಡ್ಡಿ ಇದ್ದದಾ?' ಅಂತ ಕೇಳಿದಳು. ಅವನು ನಕ್ಕ. ಪಾಪ, ಅವನ ಬುಟ್ಟಿಯಲ್ಲಿ ಪೆನ್ಸಿಲ್ ಎಲ್ಲಿಂದ ಬರಬೇಕು? ಹಾಗಾದರೆ ಪಿನ್ನು ಕೊಡು ಅಂದಳು. ನಾಲ್ಕು ಪಿನ್ನು ಕೊಟ್ಟ. ನಮ್ಮ ಅಂಗಿಗೆ ಎರಡು, ನಮ್ಮಣ್ಣನ ಅಂಗಿಗೆ ಎರಡು. ನಾವು ನಾಲ್ಕನೇ ಕ್ಲಾಸು ಮುಗಿಸುವ ತನಕ ಎದೆ ಮೇಲೆ ಆ ಪಿನ್ನು ಇತ್ತು. ಅವ್ವನ ತಲೆಯಲ್ಲಿ ಎಣ್ಣೆ ಇರ್ತಿರಲಿಲ್ಲ, ಕೂದಲು ಬಹಳ ಉದುರೋದು. ಎಣ್ಣೆ ಇಲ್ಲದ್ದರಿಂದಲೇ ಪಿನ್ನು ಬಂತು ಅಂತ ಆಮೇಲೆ ದೊಡ್ಡವರಾದ ಮೇಲೆ ಹೊಳೀತು.

ಮಧ್ಯಾಹ್ನ ಶಾಲೇಲಿ ಉಪ್ಪಿಟ್ಟು ಕೊಡೋರು. ಅಮೆರಿಕದಿಂದ ಕೇರ್ ಅನ್ನೋ ಸಂಸ್ಥೆ ಕಳಿಸ್ತಿದ್ದ ರವೆ, ಹಾಲಿನ ಪುಡಿ. ಉಪ್ಪಿಟ್ಟು ಹಳದಿ ಬಣ್ಣ. ಅದರ ವಾಸನೆ ಈಗಲೂ ಮೂಗಿನಲ್ಲಿದೆ. ಊರ ಮಕ್ಕಳು ಕೆಲವರು ಮುಟ್ಟುತ್ತಿರಲಿಲ್ಲ, ಮನೆಗೆ ಹೋಗಿ ಉಣ್ಣೋರು. ನಾವು ಮುತ್ತುಗದ ಎಲೆಯಲ್ಲಿ ಹಾಕಿಸಿಕೊಂಡು ಅರ್ಧ ತಿಂದು, ಅರ್ಧ ಮಡಿಸಿ ಚಡ್ಡಿ ಜೇಬಿಗೆ ಇಡ್ತಿದ್ದೆವು. ಮನೇಲಿ ಅಕ್ಕ ಇದ್ದಳು. ಅಕ್ಕನ ಹೆಸರು ಆ ಶಾಲೆಯ ಹಾಜರಿ ಪುಸ್ತಕಕ್ಕೆ ಹತ್ತಲೇ ಇಲ್ಲ. ಅವಳನ್ನು ಓದಿಸೋದೋ ಬೇಡವೋ ಅನ್ನೋ ಮಾತೇ ಮನೇಲಿ ಬರಲಿಲ್ಲ. ಬಂದಿದ್ದರೆ ಇಲ್ಲ ಅಂತ ಹೇಳಿದರು ಅಂತಾದರೂ ಹೇಳಬಹುದಾಗಿತ್ತು. ಇಲ್ಲಿ ಕೂತಿರೋ ತಂಗಿಯರು ಕ್ಷಮಿಸಬೇಕು, ಅವಳ ವಿಷಯ ನಾವು ಇಷ್ಟೇ ಹೇಳೋಕಾಗೋದು. ನಮಗೆ ಗೊತ್ತಿರೋದೇ ಇಷ್ಟು. ಯಾವತ್ತೂ ಕೇಳಲಿಲ್ಲ.

ಈಗ ನಮ್ಮಣ್ಣನ ವಿಷಯ.

ಅಣ್ಣ ನಮಗಿಂತ ಎರಡು ವರ್ಷ ದೊಡ್ಡೋನು. ಓದಿನಲ್ಲಿ ನಮಗಿಂತ ಬಲು ಚುರುಕು. ಇಪ್ಪತ್ತರ ತನಕ ಮಗ್ಗಿ ನಿಂತ ನಿಲುವಿನಲ್ಲಿ ಒಪ್ಪಿಸೋನು. ನಮಗೆ ಹದಿಮೂರರ ಮಗ್ಗಿ ಬಾಯಿಗೆ ಬರೋಕೆ ಅವನೇ ಕಾರಣ. ಬುಡ್ಡಿ ದೀಪದ ಮುಂದೆ ಕೂರಿಸಿಕೊಂಡು, ತಪ್ಪಿದರೆ ತೊಡೆ ಚಿವುಟಿ ಹೇಳಿಸೋನು. ಸೀಮೆಎಣ್ಣೆ ಮುಗಿದರೆ ಕತ್ತಲಲ್ಲೇ ಬಾಯಿಪಾಠ. 1970ರಲ್ಲಿ ಅವನು ಆರನೇ ಕ್ಲಾಸು, ನಾವು ನಾಲ್ಕು.

ಆ ವರ್ಷ ಅವ್ವನಿಗೆ ಕಾಯಿಲೆಯಾಯಿತು. ಜ್ವರ ಬಿಡಲಿಲ್ಲ. ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕರಕೊಂಡು ಹೋಗಬೇಕಾಯಿತು. ಅಪ್ಪ ಧಣಿ ಮನೆಗೆ ಹೋಗಿ ನೂರೈವತ್ತು ರೂಪಾಯಿ ತಂದ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ. ಅವ್ವ ಉಳಕೊಂಡಳು. ಯುಗಾದಿ ಹತ್ತಿರ ಬಂತು. ನಮ್ಮ ಕಡೆ ಜೀತದ ಲೆಕ್ಕ ಯುಗಾದಿಯಿಂದ ಯುಗಾದಿಗೆ. ಧಣಿ ಹೇಳಿಕಳಿಸಿದರು: 'ದುಡ್ಡು ಬೇಡ, ಒಂದು ಹುಡುಗನ್ನ ಕಳಿಸು.' ಯಾವ ಹುಡುಗ ಅಂತ ಅವರು ಹೇಳಲಿಲ್ಲ. ಅದನ್ನು ಅಪ್ಪನ ತಲೆಗೆ ಬಿಟ್ಟರು.

ಗೆಳೆಯರೇ, ನಾವು ಜಾಣರು ಅಂತ ನಮ್ಮನ್ನು ಓದಿಸಿದರು ಅಂತ ನೀವು ತಿಳಕೊಂಡಿದ್ದರೆ ಅದು ಸುಳ್ಳು. ಕೆಲವು ಸಭೆಗಳಲ್ಲಿ ನಮ್ಮನ್ನು ಪರಿಚಯ ಮಾಡಿಕೊಡೋರು ಕೆಸರಿನ ಕಮಲ, ಪ್ರತಿಭೆ, ಅಂತೆಲ್ಲ ಹೇಳ್ತಾರೆ. ಕೇಳೋಕೆ ಹಿತ. ಆದರೆ ನಡೆದದ್ದು ಬೇರೆ. ಅವತ್ತು ರಾತ್ರಿ ಅಪ್ಪ ನಮ್ಮಿಬ್ಬರನ್ನೂ ಒಲೆ ಮುಂದೆ ನಿಲ್ಲಿಸಿಕೊಂಡು ನಮ್ಮ ರಟ್ಟೆ ಹಿಡಿದು ನೋಡಿದ. ಮೊದಲು ನಮ್ಮದು, ಆಮೇಲೆ ಅಣ್ಣನದು. ನಮ್ಮದು ಕಡ್ಡಿ. 'ಈ ಕೂಸು ಎತ್ತು ಹಿಡೀನಾರದು. ಎತ್ತು ತುಳಿದು ಹಾಕ್ತದೆ' ಅಂದ. ಅಷ್ಟೇ. ರಟ್ಟೆ ಸಣ್ಣ ಇದ್ದದ್ದಕ್ಕೆ ನಾವು ಓದಿದೆವು. ಅಣ್ಣನ ರಟ್ಟೆ ದಪ್ಪ ಇತ್ತು, ಅವನು ಹೋದ.

ಪರೀಕ್ಷೆಗೆ ಎಂಟು ದಿನ ಇತ್ತು. ಅವನ ಸ್ಲೇಟು, ಪುಸ್ತಕ ನಮಗೆ ಬಂದವು. ಪುಸ್ತಕ ಎರಡು ವರ್ಷ ಮುಂದಿನವು. ಅವ್ವ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಳು, ಮುಂದಕ್ಕೆ ಆಯ್ತದೆ ಅಂತ.

ಜೀತದವನಿಗೆ ಎರಡು ಹೊತ್ತು ಹಿಟ್ಟು, ವರ್ಷಕ್ಕೆ ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಮಲಗೋದು ಕೊಟ್ಟಿಗೇಲಿ, ದನದ ಜೊತೆ. ನಾವು ಶಾಲೆಗೆ ಹೋಗುವ ದಾರಿಯಲ್ಲೇ ಧಣಿಯ ಹೊಲ. ಅಣ್ಣ ದನ ಮೇಯಿಸ್ತಾ ಬದುವಿನ ಮೇಲೆ ನಿಂತಿರೋನು. ಮೊದಮೊದಲು ನಮ್ಮನ್ನು ತಡೆದು ನಿಲ್ಲಿಸಿ, 'ಇವತ್ತೇನು ಪಾಠ ಮಾಡಿದ್ರು, ಹೇಳು' ಅನ್ನೋನು. ಹೇಳ್ತಿದ್ದೆವು. ಒಂದು ವರ್ಷ ಕೇಳಿದ. ಆಮೇಲೆ ಕೇಳೋದು ಬಿಟ್ಟ. ಯಾವತ್ತಿನಿಂದ ಬಿಟ್ಟ ಅಂತ ನಮಗೆ ನೆನಪಿಲ್ಲ. ಆವತ್ತು ಅದು ಗೊತ್ತೇ ಆಗಲಿಲ್ಲ.

ನಿಮ್ಮ ಹಾಸ್ಟೆಲಿನ ಹಾಲಿನಲ್ಲಿ ಬಾಬಾಸಾಹೇಬರ ಫೋಟೋ ಹಾಕಿದ್ದೀರಿ. ಹಾರ ಹಾಕಿದ್ದೀರಿ, ಸಂತೋಷ. ಅವರ ಅಪ್ಪ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಮುಂಬಯಿಯ ಪರೇಲಿನಲ್ಲಿ ಒಂದೇ ಕೋಣೆಯ ಮನೆ. ರಾತ್ರಿ ಎರಡು ಗಂಟೆಯ ತನಕ ಅಪ್ಪ ಎಚ್ಚರ ಇದ್ದು, ಆಮೇಲೆ ಮಗನನ್ನು ಎಬ್ಬಿಸಿ ಓದಲು ಕೂರಿಸಿ, ಆ ಜಾಗದಲ್ಲಿ ತಾವು ಮಲಗುತ್ತಿದ್ದರು. ಪುಸ್ತಕ ಬೇಕು ಅಂತ ಮಗ ಕೇಳಿದರೆ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಕೈಸಾಲ ಕೇಳೋರು. ಅವರ ಹತ್ತಿರ ಕಾಸಿಲ್ಲದಿದ್ದರೆ ಅವರ ಮೈಮೇಲಿನ ಒಡವೆ ಇಸಕೊಂಡು ಗಿರವಿ ಇಟ್ಟು ಪುಸ್ತಕ ತರೋರು. ಪಿಂಚಣಿ ಬಂದಾಗ ಬಿಡಿಸಿ ಕೊಡೋರು. ಇದು ಬಾಬಾಸಾಹೇಬರ ಜೀವನ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಆದರೆ ಅದೇ ಮನೇಲಿ ಆನಂದರಾವ್ ಅಂತ ಒಬ್ಬ ಅಣ್ಣ ಇದ್ದರು. ಇಬ್ಬರನ್ನೂ ಓದಿಸೋ ಶಕ್ತಿ ಆ ಮನೆಗೆ ಇರಲಿಲ್ಲ. ಆನಂದರಾವ್ ಶಾಲೆ ಬಿಟ್ಟು ದುಡಿಮೆಗೆ ನಿಂತರು. 1913ರ ಫೆಬ್ರವರಿಯಲ್ಲಿ ರಾಮ್‌ಜಿ ತೀರಿಕೊಂಡರು, ಅದೇ ವರ್ಷ ಬಾಬಾಸಾಹೇಬರು ಅಮೆರಿಕಕ್ಕೆ, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದೋಕೆ ಹೋದರು. ಮಗ ಮುಂದೆ ಏನಾದ ಅಂತ ಆ ಅಪ್ಪ ನೋಡಲೇ ಇಲ್ಲ.

ಆನಂದರಾವ್ ಅವರ ಫೋಟೋ ಯಾವ ಹಾಸ್ಟೆಲಿನಲ್ಲೂ ನಾವು ನೋಡಿಲ್ಲ. ಹಾಕಿ ಅಂತಲೂ ಹೇಳ್ತಿಲ್ಲ. ಬಾಬಾಸಾಹೇಬರ ಓದಿನ ಹಿಂದೆಯೂ ಓದು ನಿಂತ ಒಬ್ಬ ಅಣ್ಣ ಇದ್ದರು, ಒಡವೆ ಬಿಚ್ಚಿಕೊಟ್ಟ ಅಕ್ಕಂದಿರಿದ್ದರು ಅನ್ನೋದು ತಿಳಿದಿರಲಿ ಅಂತ ಹೇಳಿದೆವು. ನಮ್ಮ ಜನರ ಮನೆಗಳಲ್ಲಿ ಒಂದು ಮಗು ಶಾಲೆಗೆ ಹೋದರೆ ಇನ್ನೊಂದು ಮಗು ಅದರ ಫೀಜು ಕಟ್ಟಿರುತ್ತೆ.

ನಾವು ಏಳನೇ ಕ್ಲಾಸು ಮುಗಿಸಿ ಪಟ್ಟಣದ ಹೈಸ್ಕೂಲಿಗೆ, ಹಾಸ್ಟೆಲಿಗೆ ಬಂದೆವು. ತಗಡಿನ ಟ್ರಂಕನ್ನು ಅಪ್ಪ ತಲೆಮೇಲೆ ಹೊತ್ತು ಬಸ್ಸಿನ ತನಕ ನಡೆದು ಬಂದ. ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಅಂತ ಒಂದು ಗೆರೆ ಇತ್ತು. 'ವ್ಯವಸಾಯ' ಅಂತ ಬರೆದೆವು. ಅಂಗೈ ಅಗಲ ಭೂಮಿ ಇಲ್ಲ. ಕೂಲಿ ಅಂತ ಬರೆಯೋಕೆ ನಾಚಿಕೆ. ಅಪ್ಪ ಪಕ್ಕದಲ್ಲೇ ನಿಂತು, 'ಏನ್ಲಾ ಬರ್ದೆ?' ಅಂದ. ಹೇಳಿದೆವು. 'ಸರಿಯಾಗೇ ಬರ್ದಿದ್ದೀಯ, ಬಿಡು. ಹೊಲ ಉಳೋನು ನಾನೇ ಅಲ್ವಾ' ಅಂದ. ಆ ಮಾತಿನ ತೂಕ ಆಗ ಗೊತ್ತಾಗಲಿಲ್ಲ. ನಾಲ್ಕಾರು ತಿಂಗಳಿಗೊಮ್ಮೆ ಅಪ್ಪ ಹುರಿದ ಹುರುಳಿಕಾಳು ಕಟ್ಟಿಕೊಂಡು ಹಾಸ್ಟೆಲಿನ ಗೇಟಿಗೆ ಬರೋನು. ಜೊತೆ ಹುಡುಗರು ಯಾರು ಅಂತ ಕೇಳಿದರೆ 'ನಮ್ಮೂರೋರು' ಅಂತ ಹೇಳಿದ್ದೀವಿ. ಒಂದು ಸಲ ಅಲ್ಲ. ಈ ಗೇಟಿನಲ್ಲೂ ಆ ಮಾತು ಆಡೋರು ಇರಬಹುದು. ನಾವು ಬುದ್ಧಿ ಹೇಳೋಕೆ ಬಂದಿಲ್ಲ, ನಮಗೆ ಆ ಯೋಗ್ಯತೆ ಇಲ್ಲ.

ಇನ್ನು ಹೇಳೋದು ಕಷ್ಟದ್ದು.

1975ರ ಅಕ್ಟೋಬರಿನಲ್ಲಿ ಜೀತ ರದ್ದು ಅಂತ ಕೇಂದ್ರ ಸರ್ಕಾರದ ಸುಗ್ರೀವಾಜ್ಞೆ ಬಂತು. 1976ರಲ್ಲಿ ಅದೇ ಕಾಯ್ದೆಯಾಯಿತು. ತುರ್ತು ಪರಿಸ್ಥಿತಿಯ ಕಾಲ, ಇಪ್ಪತ್ತು ಅಂಶದ ಕಾರ್ಯಕ್ರಮದಲ್ಲಿ ಇದೂ ಒಂದು. ಆ ಕಾಲದ ಬೇರೆ ಅನ್ಯಾಯಗಳನ್ನು ನಾವು ಮರೆಯೋದಿಲ್ಲ, ಆದರೆ ಈ ಕಾಯ್ದೆ ಮಾತ್ರ ನಮ್ಮ ಜನರ ಕಾಯ್ದೆ. ಅದರಲ್ಲಿ ಏನಿದೆ ಅಂತ ನೀವು ಓದಲೇಬೇಕು. ಜೀತಗಾರ ಅವತ್ತಿಂದ ಬಿಡುಗಡೆ. ಜೀತದ ಕರಾರು ಬಾಯಿಮಾತಿನದಾಗಲಿ, ಬರೆದದ್ದಾಗಲಿ, ರದ್ದು. ಜೀತದ ಸಾಲ ವಜಾ, ಒಂದು ಪೈಸೆಯನ್ನೂ ತೀರಿಸಬೇಕಾಗಿಲ್ಲ. ಇದು ಜೀತದ ಸಾಲ ಅಂತ ಜೀತಗಾರ ಹೇಳಿದರೆ ಸಾಕು, ಅಲ್ಲ ಅಂತ ರುಜುವಾತು ಮಾಡೋ ಹೊಣೆ ಸಾಲ ಕೊಟ್ಟವನದು. ಬಡವನ ಮಾತಿಗೆ ಇಷ್ಟು ಬೆಲೆ ಕೊಟ್ಟ ಕಾಯ್ದೆ ಬಹಳ ಇಲ್ಲ.

ಇದರ ಸುದ್ದಿಯನ್ನು ನಾವು ಹಾಸ್ಟೆಲಿಗೆ ಬರ್ತಿದ್ದ ಪೇಪರಿನಲ್ಲಿ ಓದಿದ್ದೆವು. ಸಾಲ ತೀರಿಸಬೇಕಾಗಿಲ್ಲ ಅನ್ನೋದನ್ನೂ ಓದಿದ್ದೆವು.

ಆ ವರ್ಷ ಎಸ್ಸೆಸ್ಸೆಲ್ಸಿ ಬರೆದು, ರಿಜಲ್ಟಿಗೆ ಕಾಯ್ತಾ ಊರಲ್ಲಿದ್ದೆವು. ತಾಲ್ಲೂಕಿನಿಂದ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಈ ಊರಲ್ಲಿ ಜೀತಕ್ಕೆ ಇರೋರು ಯಾರು ಅಂತ ಪಟ್ಟಿ ಮಾಡೋಕೆ. ಚಾವಡಿ ಮುಂದೆ ಕುರ್ಚಿ ಹಾಕಿದ್ದರು. ಕುರ್ಚಿ ಧಣಿ ಮನೆಯದು. ಕಾಫಿ ಧಣಿ ಮನೆಯದು. ಧಣಿಯೂ ಪಕ್ಕದಲ್ಲೇ ಕೂತಿದ್ದರು. ಕೇರಿಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಅಪ್ಪನ ಸರದಿ ಬಂತು. ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತ. 'ನಿನ್ನ ದೊಡ್ಡ ಮಗ ಜೀತಕ್ಕಿದ್ದಾನಂತಲ್ಲ?' 'ಇಲ್ಲ ಬುದ್ದಿ. ಜೀತ ಅಲ್ಲ. ಅವರ ಮನೇಲೇ ಉಂಡ್ಕಂಡು ತಿನ್ಕಂಡು ಮಗನಂಗೆ ಅವ್ನೆ.' ಅಧಿಕಾರಿ ಬರೆದುಕೊಂಡರು. ಧಣಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

ಅಪ್ಪ ಯಾಕೆ ಹಾಗಂದ? ಹೆದರಿಕೆ ಒಂದು. ಆದರೆ ಹೆದರಿಕೆ ಅಷ್ಟೇ ಅಲ್ಲ. ನಾವು ಪಾಸಾದರೆ ಮೈಸೂರಿನ ಕಾಲೇಜಿಗೆ ಸೇರಿಸೋದಕ್ಕೆ ನೂರು ರೂಪಾಯಿ ಬೇಕಾಗಿತ್ತು. ಸ್ಕಾಲರ್‌ಷಿಪ್ ಇತ್ತು ನಿಜ. ಮೆಟ್ರಿಕ್ ಆದಮೇಲೆ ಓದೋ ನಮ್ಮ ಮಕ್ಕಳಿಗೆ ಸ್ಕಾಲರ್‌ಷಿಪ್ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿದ್ದಾಗ. ಆದರೆ ಅದು ಕೈಗೆ ಬರೋದು ವರ್ಷದ ಕೊನೆಗೆ, ಹೊಟ್ಟೆ ಹಸಿಯೋದು ವರ್ಷದ ಮೊದಲಿಗೆ. ಆ ನೂರು ರೂಪಾಯಿ ಕೊಡ್ತೀನಿ ಅಂತ ಧಣಿ ವಾರದ ಹಿಂದೆ ಒಪ್ಪಿಕೊಂಡಿದ್ದರು.

ಅದು ನಮಗೂ ಗೊತ್ತಿತ್ತು. ನಾವು ಅಪ್ಪನ ಹಿಂದೆ, ನಾಲ್ಕು ಮಾರು ದೂರದಲ್ಲಿ ನಿಂತಿದ್ದೆವು. ಆ ಇಡೀ ಗುಂಪಿನಲ್ಲಿ, ಅಧಿಕಾರಿಯನ್ನು ಬಿಟ್ಟರೆ, ಕಾಯ್ದೆಯಲ್ಲಿ ಏನಿದೆ ಅಂತ ಓದಿ ತಿಳಿದಿದ್ದವರು ನಾವೇ. 'ಸ್ವಾಮಿ, ನಮ್ಮಣ್ಣ ಜೀತಕ್ಕಿದ್ದಾನೆ, ಆರು ವರ್ಷ ಆಯಿತು' ಅಂತ ಒಂದು ಮಾತು ಸಾಕಾಗಿತ್ತು. ಬಾಯಿ ಬಿಡಲಿಲ್ಲ. ಹುಡುಗಾಟದ ವಯಸ್ಸು, ಭಯ, ಅಂತ ಬಹಳ ವರ್ಷ ನಮಗೆ ನಾವೇ ಹೇಳಿಕೊಂಡೆವು. ಭಯ ಇತ್ತು. ಮೈಸೂರೂ ಇತ್ತು. ಎರಡನ್ನೂ ತೂಗಿದರೆ ಯಾವುದು ಜಾಸ್ತಿ ತೂಗ್ತಿತ್ತು ಅಂತ ನಮಗೆ ಚೆನ್ನಾಗಿ ಗೊತ್ತು.

ಮೈಸೂರಿಗೆ ಹೋದೆವು. ಓದಿದೆವು. ಚಳವಳಿಯ ಹಾಡು ಹಾಡಿದೆವು, ತಮಟೆ ಬಡಿದೆವು, ಬೀದಿಯಲ್ಲಿ ಜೀತಕ್ಕೆ ಧಿಕ್ಕಾರ ಅಂತ ಕೂಗಿದೆವು. ಹಾಗೆ ಕೂಗುವಾಗಲೂ ಅಣ್ಣ ಅದೇ ಕೊಟ್ಟಿಗೇಲಿ ಮಲಗ್ತಿದ್ದ. ಇದನ್ನು ಯಾವ ಸಭೆಯಲ್ಲೂ ಇದುವರೆಗೆ ಹೇಳಿರಲಿಲ್ಲ.

1981ರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಮೊದಲ ನಾಲ್ಕು ತಿಂಗಳ ಸಂಬಳದಲ್ಲಿ ಉಳಿಸಿ ಅಪ್ಪನ ಕೈಗೆ ಕೊಟ್ಟೆವು. ಅಪ್ಪ ಅದನ್ನು ತಗೊಂಡು ನೇರ ಧಣಿ ಮನೆಗೆ ಹೋದ. ಲೆಕ್ಕ ತೆಗೆದರು. ನೂರೈವತ್ತು, ಆಮೇಲಿನ ನೂರು, ನಡುವೆ ಅಕ್ಕನ ಮದುವೆಯದು, ಬಡ್ಡಿ, ಎಲ್ಲ ಸೇರಿ ಐನೂರ ಅರವತ್ತು. ಹನ್ನೊಂದು ವರ್ಷದ ದುಡಿಮೆ ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಅದು ಹಿಟ್ಟಿಗೆ, ಕಂಬಳಿಗೆ ಸರಿಹೋಯಿತಂತೆ. ಪೂರಾ ಎಣಿಸಿಕೊಟ್ಟೆವು. ಜೀತದ ಸಾಲಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ ಅಂತ ಗೊತ್ತಿದ್ದೂ ಕೊಟ್ಟೆವು. ಬೇಡ ಅಪ್ಪ, ಕಾನೂನು ಇದೆ ಅಂತ ಒಂದು ಸಲ ಹೇಳಿದೆವು. ಅಪ್ಪ, 'ಕಾನೂನು ಇರ್ಲಿ ಕಣ್ಲಾ. ಅವತ್ತು ನಿಮ್ಮವ್ವ ಉಳುದ್ಲಲ್ಲ, ಆ ಋಣ ತೀರ್ಬೇಕು' ಅಂದ.

ಅಪ್ಪನ ಬಾಯಲ್ಲಿ ಋಣ ಅನ್ನೋ ಮಾತು ಯಾವಾಗ ಬಂದರೂ ಅದು ಧಣಿಯ ಋಣ. ಮಗನ ಋಣ ಅಂತ ಒಂದು ದಿನ ಅಂದವನಲ್ಲ. ನಾವಾದರೂ ಅಂದೆವಾ? ಇಲ್ಲ. ಧಣಿಯ ಪುಸ್ತಕದಲ್ಲಿ ಬರೆದದ್ದು ಸಾಲ, ನಮ್ಮಣ್ಣನ ಹನ್ನೊಂದು ವರ್ಷ ಬರೀ ಪ್ರೀತಿ. ಬರೆದದ್ದನ್ನು ತೀರಿಸಿದೆವು. ಬರೆಯದೆ ಇದ್ದದ್ದಕ್ಕೆ ಹಬ್ಬಕ್ಕೊಂದು ಪಂಚೆ ಕೊಟ್ಟೆವು.

ನಮ್ಮಪ್ಪನ ಮೇಲೆ ತಪ್ಪು ಹೊರಿಸ್ತಾ ಇದ್ದೀವಿ ಅಂತ ತಿಳಿಯಬೇಡಿ. ಅವನು 1994ರಲ್ಲಿ ಹೋದ. ಎರಡು ಮಕ್ಕಳ ರಟ್ಟೆ ಹಿಡಿದು ನೋಡಬೇಕಾದ ಆ ರಾತ್ರಿಯನ್ನು ಅವನ ಮನೆ ಬಾಗಿಲಿಗೆ ತಂದವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಆ ರಾತ್ರಿ ಅಪ್ಪ ಮಲಗಲಿಲ್ಲ ಅಂತ ಅವ್ವ ಸಾಯೋ ಮುಂಚೆ ಹೇಳಿದಳು. ಬೆಳಗಿನ ಜಾವ ಹಿತ್ತಲಲ್ಲಿ ಕೂತು ಅಣ್ಣನ ಚಡ್ಡಿಯ ಹರಕಿಗೆ ತೇಪೆ ಹಾಕ್ತಿದ್ದನಂತೆ. ಹೊಲಿಗೆ ಬಾರದ ಕೈ. ಧಣಿ ಮನೆಗೆ ಹರಿದ ಚಡ್ಡಿಯಲ್ಲಿ ಕಳಿಸಬಾರದು ಅಂತ.

ಈಗ ಕೆಲವರು ಕೇಳ್ತಾರೆ, ಜೀತ ಎಲ್ಲಿದೆ ಸಾರ್ ಅಂತ. ಹೆಸರು ಬದಲಾಗಿದೆ. ಈಗ ಅಡ್ವಾನ್ಸ್ ಅಂತಾರೆ. ಇಟ್ಟಿಗೆ ಗೂಡಿನಲ್ಲಿ ಅಡ್ವಾನ್ಸ್, ಕಲ್ಲು ಕ್ವಾರಿಯಲ್ಲಿ ಅಡ್ವಾನ್ಸ್. 2002ರಿಂದ ಮೊದಲು ಈಶಾನ್ಯ ಜಿಲ್ಲೆಗಳಲ್ಲಿ, ಆಮೇಲೆ ರಾಜ್ಯದ ಎಲ್ಲ ಕಡೆ ಶಾಲೆಗಳಲ್ಲಿ ಬಿಸಿಯೂಟ ಬಂತು. 2009ರಲ್ಲಿ ಶಿಕ್ಷಣದ ಹಕ್ಕಿನ ಕಾಯ್ದೆ ಬಂತು. ಒಳ್ಳೇದೇ ಆಯಿತು, ಹಳದಿ ಉಪ್ಪಿಟ್ಟು ತಿಂದವರಿಗೆ ಅದರ ಬೆಲೆ ಗೊತ್ತು. ಆದರೂ ನಿಮ್ಮ ನಿಮ್ಮ ಮನೇಲಿ ನೀವು ಇಲ್ಲಿ ಕೂತಿರೋ ಹೊತ್ತಿಗೆ ಇನ್ನೊಬ್ಬ ಅಣ್ಣನೋ ತಂಗಿಯೋ ಎಲ್ಲಿದ್ದಾರೆ ಅಂತ ಒಂದು ಸಲ ಯೋಚನೆ ಮಾಡಿ.

ನಮ್ಮಣ್ಣ ಇನ್ನೂ ಊರಲ್ಲೇ ಇದ್ದಾನೆ. ಕೆಲವು ವರ್ಷದ ಹಿಂದೆ ಹಬ್ಬಕ್ಕೆ ಹೋಗಿದ್ದೆವು. ಅವನ ಮೊಮ್ಮಗ ಜಗಲಿ ಮೇಲೆ ಕೂತು ಪಾಠದ ಪುಸ್ತಕ ಗಟ್ಟಿಯಾಗಿ ಓದ್ತಿದ್ದ. ಜೀತ ಪದ್ಧತಿ ರದ್ದಾದ ವಿಷಯ. ಅಣ್ಣ ಗೋಡೆಗೆ ಒರಗಿ ಕೇಳಿಸಿಕೊಳ್ತಿದ್ದ. ಹಳೇ ಅಭ್ಯಾಸ, ಪಾಠ ಅಂದರೆ ಕಿವಿ ಕೊಡೋದು. ನಮ್ಮ ಕಡೆ ತಿರುಗಿ, 'ಇದು ಯಾವ ವರ್ಸದ್ದು?' ಅಂದ. ಎಪ್ಪತ್ತಾರು ಅಂದೆವು. ಸ್ವಲ್ಪ ಹೊತ್ತು ಬೆರಳು ಎಣಿಸಿದ. 'ಆಗ ನೀನು ಎಸ್ಸೆಸ್ಸೆಲ್ಸಿ ಮುಗ್ಸಿದ್ದೆ, ಅಲ್ವಾ?' ಅಂದ. ಹೂಂ ಅಂದೆವು. ಅವನು ಮತ್ತೇನೂ ಕೇಳಲಿಲ್ಲ. ಅತ್ತಿಗೆ ಒಳಗಿಂದ ಕೂಗಿದರು. 'ಹಿಟ್ಟು ಆರೋಯ್ತದೆ, ಬಾ ಉಣ್ಣಾನ' ಅಂತ ಎದ್ದ.

ನಿಮ್ಮ ಊಟದ ಬೆಲ್ಲೂ ಆಯಿತು ಅಂತ ಕಾಣುತ್ತೆ. ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ನೋಟ್‌ಬುಕ್ಕು ಇಟ್ಟಿದ್ದೀವಿ. ನಿಮ್ಮ ಕೇರಿಯಲ್ಲಿ ಶಾಲೆ ಬಿಟ್ಟು ಕೆಲಸಕ್ಕೆ ಹೋದ ಮಕ್ಕಳು ಯಾರಿದ್ದಾರೋ ಅವರ ಹೆಸರು, ಊರು, ಎಷ್ಟು ಅಡ್ವಾನ್ಸ್, ಯಾರ ಹತ್ತಿರ, ಅಷ್ಟು ಬರೆದು ಹೋಗಿ. ಮುಂದಿನ ಭಾನುವಾರ ಹತ್ತಿರದ ಹಳ್ಳಿಗಳಿಗೆ ಹೋಗ್ತಾ ಇದ್ದೀವಿ, ಬರೋರು ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಹತ್ತಿರ ಇರಿ. ಪೆನ್ನು ತನ್ನಿ.

ಜೈ ಭೀಮ್.